ವಿಕಿರಣ ಗಿಡಕ್ಕೆ ಹೇಗೆ ತಿಳಿಯುತ್ತದೆ?



ಮಳೆಗಾಲದ ಕೊನೆಗೆ ಹಿರಿಯ ಸದಸ್ಯರೊಬ್ಬರು ಚುಕ್ಕೆ ಬಿದ್ದ ಅಡಿಕೆ ಸೋಗೆಯೊಂದನ್ನು ಸಂಘದ ಕಛೇರಿಗೆ ತಂದು, "ಇದು ಕೈಗಾದ ಗಾಳಿಯದೇ ಅಲ್ಲವೇ, ಕಾರ್ಯದರ್ಶಿಗಳೇ?" ಎಂದು ಕೇಳಿದರು. ಅಂದು ಅವಸರದಲ್ಲಿ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇಲ್ಲಿದೆ.

ವಿಕಿರಣವನ್ನು ಕಾಣುವ ಅಂಗ ನಮಗೂ ಇಲ್ಲ, ಗಿಡಕ್ಕೂ ಇಲ್ಲ. ಗಿಡಕ್ಕೆ ತಿಳಿಯುವುದು ಅದು ಮಾಡಿದ ಗಾಯ ಮಾತ್ರ. ಕಿರಣವು ಜೀವಕೋಶದೊಳಗಿನ ನೀರನ್ನು ಒಡೆದಾಗ ಹೈಡ್ರೋಜನ್ ಪೆರಾಕ್ಸೈಡಿನಂಥ ತೀಕ್ಷ್ಣ ವಸ್ತುಗಳು ಹುಟ್ಟುತ್ತವೆ. ನೆರಳಿನ ಮರ ಅತಿಯಾಗಿ ಸವರಿದಾಗ ಬಿಸಿಲಿನ ಹೊಡೆತಕ್ಕೆ ಕಾಫಿ ಎಲೆಯಲ್ಲಿ ಹುಟ್ಟುವುದೂ ಇಂಥವೇ. ಅವನ್ನು ತಣಿಸುವ ಕಿಣ್ವಗಳು ಗಿಡದಲ್ಲಿ ಸದಾ ಇರುತ್ತವೆ. ಡಿಎನ್ಎ ಎಳೆಯೇ ತುಂಡಾದರೆ ಕೋಶವು ವಿಭಜನೆ ನಿಲ್ಲಿಸಿ, ಮೊದಲು ಎಳೆಯನ್ನು ಬೆಸೆಯುತ್ತದೆ.

ಬೆಸುಗೆ ಕೆಲವೊಮ್ಮೆ ತಪ್ಪುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆರ್ನಾಲ್ಡ್ ಸ್ಪ್ಯಾರೋ ಮತ್ತು ಸಂಗಡಿಗರು ಟ್ರಾಡೆಸ್ಕಾಂಟಿಯಾ ಎಂಬ ನೀಲಿ ಹೂವಿನ ಗಿಡದಲ್ಲಿ ಇದನ್ನು ಕಣ್ಣಾರೆ ಕಂಡರು. ಅದರ ಕೇಸರದ ಕೂದಲುಗಳಲ್ಲಿ ಕೋಶಗಳು ಮಣಿಸರದಂತೆ ಒಂದೇ ಸಾಲಿನಲ್ಲಿವೆ. ನೀಲಿ ಬಣ್ಣದ ಅಂಶ ಕೆಟ್ಟರೆ ಆ ಮಣಿ ಗುಲಾಬಿಯಾಗುತ್ತದೆ. ಬಹಳ ಅಲ್ಪ ವಿಕಿರಣಕ್ಕೂ ಗುಲಾಬಿ ಮಣಿಗಳ ಸಂಖ್ಯೆ ಏರಿತು. ಆದರೆ ಗಿಡ ಮಾತ್ರ ಎಂದಿನಂತೆ ಹೂ ಬಿಡುತ್ತಲೇ ಇತ್ತು! ಅವರು ಸೂಕ್ಷ್ಮದರ್ಶಕದಡಿ ಮಣಿ ಎಣಿಸುತ್ತ ಕುಳಿತ ತಾಳ್ಮೆಗೆ ನಮಸ್ಕರಿಸಬೇಕು.

ಹೊರಗಣ್ಣಿಗೆ ಕಾಣುವ ಹಾನಿಗೆ ಭಾರೀ ಪ್ರಮಾಣ ಬೇಕು. 1986ರ ಏಪ್ರಿಲ್ 26ರ ಚೆರ್ನೋಬಿಲ್ ಅಪಘಾತದ ನಂತರ ಸ್ಥಾವರದ ಪಕ್ಕದ ಪೈನ್ ಕಾಡು ಕೆಂಪಾಗಿ ಸತ್ತಿತು. ನಡುವಿದ್ದ ಬರ್ಚ್ ಮರಗಳು ಅನೇಕ ಬದುಕಿದವು. ಪೈನ್‌ನ ವರ್ಣತಂತುಗಳು ಬಹಳ ದೊಡ್ಡವು. ಏಟು ತಗಲುವುದೂ ಹೆಚ್ಚು.

ಇನ್ನೊಂದು ಮಾತು. ನಾವು ಬುಡಕ್ಕೆ ಹಾಕುವ ಪೊಟ್ಯಾಷ್ ಸಹಜವಾಗಿಯೇ ತುಸು ವಿಕಿರಣಶೀಲ. ಐವತ್ತು ಕಿಲೋ ಮ್ಯುರಿಯೇಟ್ ಚೀಲದಲ್ಲಿ ಸೆಕೆಂಡಿಗೆ ಸುಮಾರು 8 ಲಕ್ಷ ಪರಮಾಣುಗಳು ಸಿಡಿಯುತ್ತವೆ. ಬೇರುಗಳಿಗೆ ಇದು ಹೊಸತಲ್ಲ.

ಅಲ್ಪ ವಿಕಿರಣ ನಿರಪಾಯವೆಂದು ನಾನು ಹೇಳುತ್ತಿಲ್ಲ. ಅದನ್ನು ಅಳೆಯಬೇಕಾದದ್ದು ಉಪಕರಣದಿಂದ, ಸೋಗೆ ನೋಡಿ ಅಲ್ಲ. ಕೈಗಾದ ಸುತ್ತಣ ಅಳತೆಗಳನ್ನು ನಾವು ಕೇಳಿ ಪಡೆಯಬೇಕು ಎಂಬುದೂ ನನ್ನ ಅಭಿಪ್ರಾಯ. ಆದರೆ ಮಳೆಯೊಂದಿಗೆ ಸೋಗೆಯಿಂದ ಸೋಗೆಗೆ, ಮರದಿಂದ ಮರಕ್ಕೆ ಹರಡುವ ಈ ಚುಕ್ಕೆ ಶಿಲೀಂಧ್ರದ್ದು. ಆ ಸದಸ್ಯರು ಕೈಗಾವನ್ನು ಶಪಿಸುತ್ತ ಎರಡು ತಿಂಗಳು ಸುಮ್ಮನಿದ್ದರು. ಅಷ್ಟರಲ್ಲಿ ಚುಕ್ಕೆ ಕೆಳಗಿನ ಸೋಗೆಗಳಿಂದ ಸುಳಿಯ ಹತ್ತಿರಕ್ಕೆ ಬಂದಿತ್ತು. ರೋಗದ ಸೋಗೆಗಳನ್ನು ಕಡಿದು ಸುಟ್ಟು, ಈಗ ಔಷಧಿ ಹೊಡೆಸುತ್ತಿದ್ದಾರೆ.