ಆವೃತ್ತಿಪಟ್ಟಿಯ ಕಾಲುಭಾಗಗಳು: ಸಮಸ್ಥಾನದ ಪದಗಳ ಸಮಸ್ಯೆ

ವಾಣಿಜ್ಯ ದತ್ತಾಂಶದ ವಿಶ್ಲೇಷಣೆಗಾಗಿ ರೂಪುಗೊಂಡ ಟ್ಯಾಬ್ಲೋ, ಪವರ್ ಬಿಐ ಮುಂತಾದ ತಂತ್ರಾಂಶಗಳು ಪದಾವೃತ್ತಿಯ ಅಧ್ಯಯನಕ್ಕೂ ಒದಗಬಲ್ಲವು. ಗ್ರಾಹಕರನ್ನು ಖರೀದಿಯ ಮೊತ್ತಕ್ಕನುಸಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಪಟ್ಟಿಯನ್ನು ನಾಲ್ಕು ಸಮಭಾಗ ಮಾಡಿ, ಪ್ರತಿ ಭಾಗಕ್ಕೊಂದು ಬಣ್ಣವಿತ್ತು ಸ್ತಂಭಾಲೇಖ ರಚಿಸುವುದು ಅಲ್ಲಿ ರೂಢಿ. ಇಬ್ಬರು ಗ್ರಾಹಕರ ಮೊತ್ತ ಪೈಸೆಯವರೆಗೂ ಒಂದೇ ಆಗಿರುವುದು ಅಪರೂಪವಾದ್ದರಿಂದ ಅಲ್ಲಿ ಇದರಿಂದ ಹೆಚ್ಚಿನ ತೊಡಕಿಲ್ಲ. ಪದಗಳ ವಿಷಯ ಹಾಗಲ್ಲ.

ಮೊದಲು ಪರಿಭಾಷೆ. ಇಂಗ್ಲಿಷಿನ ಕ್ವಾರ್ಟೈಲ್ ಎಂಬುದು ಪಟ್ಟಿಯನ್ನು ತುಂಡರಿಸುವ ಮೂರು ಬಿಂದುಗಳನ್ನೂ ಅದರಿಂದಾಗುವ ನಾಲ್ಕು ಗುಂಪುಗಳನ್ನೂ ಸೂಚಿಸುತ್ತದೆ. ಕನ್ನಡದಲ್ಲಿ ಈ ಗೊಂದಲವನ್ನು ತಪ್ಪಿಸಬಹುದು: ಬಿಂದುವನ್ನು ಚತುರ್ಥಕವೆಂದೂ ಗುಂಪನ್ನು ಕಾಲುಭಾಗವೆಂದೂ ಇಲ್ಲಿ ಕರೆಯುತ್ತೇವೆ. ಸಂಖ್ಯಾಶಾಸ್ತ್ರದಲ್ಲಿ ಮೊದಲ ಚತುರ್ಥಕ ಕೆಳತುದಿಯದು. ಶ್ರೇಣಿಪಟ್ಟಿಯಲ್ಲಿ ಮೊದಲ ಕಾಲುಭಾಗ ಮೇಲ್ತುದಿಯದು. ಸಂಶೋಧನಾ ಪತ್ರಿಕೆಗಳ ಕ್ಯೂ1 ದರ್ಜೆಗಾಗಿ ಹಂಬಲಿಸುವ ನಮಗೆ ಎರಡನೆಯ ಅರ್ಥವೇ ಹೆಚ್ಚು ಪರಿಚಿತ.

ಯಾವುದೇ ಕಾರ್ಪಸ್ಸಿನಲ್ಲಿ ಒಮ್ಮೆ ಮಾತ್ರ ಬರುವ, ಹ್ಯಾಪಾಕ್ಸ್ ಎನ್ನಲಾಗುವ ಪದಗಳು ಬಹುಸಂಖ್ಯೆಯಲ್ಲಿರುತ್ತವೆ. ಪದರೂಪಗಳಲ್ಲಿ ಸುಮಾರು ಅರ್ಧದಷ್ಟು ಅವೇ ಆಗಿರುವುದು ಅಸಾಮಾನ್ಯವಲ್ಲ. 1000 ಪದರೂಪಗಳ ಪಟ್ಟಿಯಲ್ಲಿ ಇಂಥವು 520 ಇವೆಯೆಂದು ಭಾವಿಸೋಣ. ಅವು 481ರಿಂದ 1000ದವರೆಗಿನ ಸಾಲುಗಳನ್ನು ಆಕ್ರಮಿಸುತ್ತವೆ. ಎಸ್‌ಕ್ಯೂಎಲ್‌ನ ಎನ್‌ಟೈಲ್ ಎಂಬ ಫಲನ ಸಾಲುಗಳನ್ನಷ್ಟೇ ಎಣಿಸುತ್ತದೆ, ಮೌಲ್ಯ ಸಮವಾಗಿದೆಯೇ ಎಂದು ನೋಡುವುದಿಲ್ಲ. ಹಾಗಾಗಿ 20 ಹ್ಯಾಪಾಕ್ಸ್‌ಗಳು ಎರಡನೆಯ ಕಾಲುಭಾಗಕ್ಕೆ ಸೇರಿ, ಮೂರನೆಯದೂ ನಾಲ್ಕನೆಯದೂ ಸಂಪೂರ್ಣವಾಗಿ ಹ್ಯಾಪಾಕ್ಸ್‌ಗಳಿಂದಲೇ ತುಂಬುತ್ತವೆ. ಆಲೇಖದಲ್ಲಿ ಎರಡು ಬಣ್ಣ. ಆವೃತ್ತಿ ಮಾತ್ರ ಒಂದೇ.

ಹಾಗಾದರೆ ಆ ಎರಡನ್ನು ಬೇರ್ಪಡಿಸುವುದೇನು? ಆವೃತ್ತಿಯನ್ನಷ್ಟೇ ಕ್ರಮದ ಆಧಾರವಾಗಿ ಕೊಟ್ಟರೆ ಸಮಸ್ಥಾನದ ಸಾಲುಗಳ ಕ್ರಮ ಅನಿಶ್ಚಿತ. ಅಕಾರಾದಿಯನ್ನು ಎರಡನೆಯ ಆಧಾರವಾಗಿ ಕೊಟ್ಟರೆ ಅಪಾಯ ಇನ್ನೂ ಸೂಕ್ಷ್ಮ: ಸ್ವರಾದಿ ಪದಗಳು, ಅವುಗಳೊಡನೆ ಅನು-, ಅಭಿ-, ಉಪ- ಎಂಬ ಉಪಸರ್ಗಗಳ ಸಂಸ್ಕೃತ ಪದಗಳು ಮುಂದಕ್ಕೆ ಬರುತ್ತವೆ, ಪಕಾರವು ಹಕಾರವಾಗಿ ಪರಿಣಮಿಸಿದ ದೇಶ್ಯ ಪದಗಳು ಕೊನೆಗೆ ಸರಿಯುತ್ತವೆ. ಆವೃತ್ತಿ ಇಳಿದಂತೆ ಸ್ವರಾದಿ ಪದಗಳು ಕಡಿಮೆಯಾಗುತ್ತವೆ ಎಂಬ ನಿರ್ಣಯವನ್ನು ಸಂಶೋಧಕರು ಇಲ್ಲಿಂದ ತೆಗೆದರೆ, ಅವರು ಕಂಡದ್ದು ಕನ್ನಡ ವರ್ಣಮಾಲೆಯ ಕ್ರಮವನ್ನೇ ಹೊರತು ಭಾಷೆಯ ಲಕ್ಷಣವನ್ನಲ್ಲ.

ಸಮ ಮೌಲ್ಯಗಳಿಗೆ ಒಂದೇ ಸ್ಥಾನ ಕೊಡುವ ಪರ್ಸೆಂಟ್ ರ‍್ಯಾಂಕ್ ಫಲನವನ್ನು ಬಳಸಿದರೆ ಫಲಿತಾಂಶ ಬೇರೆ. ಎಲ್ಲ ಹ್ಯಾಪಾಕ್ಸ್‌ಗಳಿಗೂ 480/999, ಅಂದರೆ ಸುಮಾರು 0.48 ಬರುವುದರಿಂದ ಅವೆಲ್ಲ ಎರಡನೆಯ ಕಾಲುಭಾಗದಲ್ಲೇ ನಿಲ್ಲುತ್ತವೆ, ಉಳಿದೆರಡು ಖಾಲಿ. ಆಲೇಖ ವಿಕಾರವಾಗಿ ಕಾಣಬಹುದು, ಆದರೆ ಆ ಖಾಲಿತನವೇ ನಿಜಸ್ಥಿತಿ.

ಇನ್ನೊಂದು ದಾರಿ ಪದರೂಪಗಳ ಬದಲು ಪ್ರಯೋಗಗಳನ್ನು ನಾಲ್ಕು ಭಾಗ ಮಾಡುವುದು. ಸುಮಾರು 10 ಲಕ್ಷ ಪ್ರಯೋಗಗಳ ಬ್ರೌನ್ ಕಾರ್ಪಸ್ಸಿನಲ್ಲಿ ‘ದಿ’ ಎಂಬ ಒಂದೇ ಪದ ಶೇ. 7ರಷ್ಟಿದೆ, ಹತ್ತು-ಹನ್ನೆರಡು ಪದಗಳಿಗೇ ಮೊದಲ ಕಾಲುಭಾಗ ಮುಗಿಯುತ್ತದೆ. ಪದರೂಪಗಳನ್ನು ಎಣಿಸಿದರೆ ಅದೇ ಕಾಲುಭಾಗಕ್ಕೆ ಸಾವಿರಾರು ಪದಗಳು ಬೇಕು. ಓದಿನ ಹೊರೆಯನ್ನು ಅಳೆಯುವವರಿಗೆ ಪ್ರಯೋಗಗಳ ಎಣಿಕೆ ಸೂಕ್ತ, ಶಬ್ದಸಂಪತ್ತಿನ ವಿಸ್ತಾರವನ್ನು ಅಳೆಯುವವರಿಗೆ ಪದರೂಪಗಳದು. ಪ್ರಬಂಧದ ವಿಧಾನ ವಿಭಾಗದಲ್ಲಿ ಯಾವುದನ್ನು ಎಣಿಸಲಾಯಿತು, ಸಮಸ್ಥಾನಗಳನ್ನು ಹೇಗೆ ಬಿಡಿಸಲಾಯಿತು ಎಂಬೆರಡು ವಾಕ್ಯಗಳಿಲ್ಲದಿದ್ದರೆ ಪರೀಕ್ಷಕರು ಆಲೇಖವನ್ನು ಮರಳಿ ರಚಿಸಿ ನೋಡಲಾರರು.