ದಾರ ಬೇಡದ ಸೂಜಿ

ಅಜ್ಜಿ ಎರಡು ತಿಂಗಳು ಕೂತು ಹೆಣೆದ ಉಣ್ಣೆಯ ಸ್ವೆಟರು. ಚಳಿಗಾಲ ಮುಗಿಯಿತೆಂದು ಮನೆಯಲ್ಲಿ ಯಾರೋ ಅದನ್ನು ಉಳಿದ ಬಟ್ಟೆಗಳ ಜೊತೆ ಸುಡುಸುಡು ನೀರಿಗೆ ಹಾಕಿ, ಸೋಪಿನ ಪುಡಿ ಸುರಿದು, ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ ಒಗೆದುಬಿಟ್ಟರು. ಒಣಗಿದ ಮೇಲೆ ನೋಡಿದರೆ ಹತ್ತನೇ ತರಗತಿಯ ಅಣ್ಣನ ಸ್ವೆಟರು ಒಂದನೇ ತರಗತಿಯ ತಮ್ಮನಿಗೂ ಬಿಗಿ! ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿ ಬಟ್ಟೆ ರಟ್ಟಿನ ಹಾಗೆ ದಪ್ಪವಾಗಿದೆ. ಒಗೆದವರಿಗೆ ಬೈಗುಳವಂತೂ ತಪ್ಪಿದ್ದಲ್ಲ. ಆದರೆ ಅಲ್ಲಿ ಆಕಸ್ಮಿಕವಾಗಿ ನಡೆದದ್ದನ್ನೇ ಮನುಷ್ಯ ಸಾವಿರಾರು ವರ್ಷಗಳಿಂದ ಬೇಕೆಂದೇ ಮಾಡಿಕೊಂಡು ಬಂದಿದ್ದಾನೆ. ಹಾಗೆ ಒತ್ತಾಗಿ ಕೂಡಿಕೊಂಡ ಉಣ್ಣೆಗೆ ಫೆಲ್ಟ್ ಎಂದು ಹೆಸರು.

ಫೆಲ್ಟಿನಲ್ಲಿ ಹಾಸು ಇಲ್ಲ, ಹೊಕ್ಕು ಇಲ್ಲ, ಹೆಣಿಗೆಯೂ ಇಲ್ಲ. ಎಳೆಗಳು ಒಂದರೊಳಗೊಂದು ಸಿಕ್ಕುಬಿದ್ದು ತಾವೇ ಬಟ್ಟೆಯಾಗುತ್ತವೆ. ಕೆಲವು ಟೆನಿಸ್ ಚೆಂಡುಗಳ ಮೇಲಿನ ಜುಂಗಿನಂಥ ಹೊದಿಕೆ ಇಂಥ ಫೆಲ್ಟು. ಪಿಯಾನೋದೊಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ತಲೆ ಫೆಲ್ಟು. ಕಾಶ್ಮೀರದಲ್ಲಿ ಮತ್ತು ರಾಜಸ್ಥಾನದ ಟೋಂಕ್‌ನಲ್ಲಿ ತಯಾರಾಗುವ ‘ನಮ್ದಾ’ ಜಮಖಾನೆಯೂ ಇದೇ. ಸೈಬೀರಿಯಾದ ಆಲ್ಟಾಯ್ ಪರ್ವತಗಳ ಪಾಜಿರಿಕ್ ಎಂಬಲ್ಲಿ ಮಂಜುಗಡ್ಡೆಯಲ್ಲಿ ಹೂತುಹೋಗಿದ್ದ ಸಮಾಧಿಗಳನ್ನು ರಷ್ಯನ್ ಪುರಾತತ್ತ್ವಜ್ಞ ಸೆರ್ಗೆಯ್ ರುಡೆಂಕೊ ಅಗೆದಾಗ ಎರಡು ಸಾವಿರ ವರ್ಷಕ್ಕೂ ಹಳೆಯ ಫೆಲ್ಟಿನ ಹಂಸಗಳು ದೊರೆತವು. ಒಳಗೆ ಕೂದಲು ತುಂಬಿದ್ದ ಆ ಹಂಸಗಳ ಕೊಕ್ಕು, ಕತ್ತಿನ ಕೊಂಕು ಎಲ್ಲವೂ ಹಾಗೆಯೇ ಇದ್ದವು. ಇಂದಿಗೂ ಅವನ್ನು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಇದೇ ಉಣ್ಣೆಯಿಂದ, ನೀರೂ ಸೋಪೂ ಇಲ್ಲದೆ, ಬರೀ ಒಂದು ಸೂಜಿಯಿಂದ ಚುಚ್ಚಿ ಚುಚ್ಚಿ ಗುಬ್ಬಚ್ಚಿಯನ್ನೋ ಮೊಲವನ್ನೋ ಮಾಡುವ ಹವ್ಯಾಸವೊಂದು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದಿದೆ. ಅದರ ಕಥೆಗೆ ಬರುವ ಮುಂಚೆ ಒಂದು ಪ್ರಯೋಗ ಮಾಡಿ ನೋಡಿ. ಖರ್ಚಿಲ್ಲ.

ಅಮ್ಮನ ತಲೆಯ ಉದ್ದ ಕೂದಲೊಂದನ್ನು ಬಾಚಣಿಗೆಯಿಂದ ತೆಗೆದುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಬೆರಳಿನುದ್ದಕ್ಕೇ ಅದನ್ನು ಹಿಡಿದು, ಎರಡು ಬೆರಳುಗಳನ್ನೂ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಿ. ಕೂದಲು ಒಂದೇ ದಿಕ್ಕಿಗೆ ತೆವಳಿಕೊಂಡು ಹೋಗುತ್ತದೆ! ತಿರುಗಿಸಿ ಹಿಡಿದರೆ ಆ ಕಡೆಗೆ ಹೊರಡುತ್ತದೆ. ಗಮನಿಸಿದರೆ ಅದು ಯಾವಾಗಲೂ ಬುಡ ಮುಂದಾಗಿಯೇ ಚಲಿಸುತ್ತದೆ. ಕಾರಣವಿಷ್ಟೆ: ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಹುರುಪೆಗಳಿವೆ. ಅವುಗಳ ಅಂಚು ತುದಿಯ ಕಡೆಗಿದೆ. ಬುಡದ ಕಡೆಗೆ ಜಾರುವುದು ಸುಲಭ, ತುದಿಯ ಕಡೆಗೆ ಜಾರಲು ಹೋದರೆ ಅಂಚು ತಡೆಯುತ್ತದೆ.

ಕುರಿಯ ಉಣ್ಣೆಯೂ ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಮೇಲೂ ಇಂಥ ಹುರುಪೆಗಳಿವೆ. ಜೊತೆಗೆ ಎಳೆ ಸುರುಳಿ ಸುರುಳಿಯಾಗಿರುತ್ತದೆ. ಬಿಸಿನೀರಿನಲ್ಲಿ ಎಳೆ ಉಬ್ಬಿ ಮೆತ್ತಗಾಗುತ್ತದೆ, ಸೋಪು ಜಾರಿಕೆ ಕೊಡುತ್ತದೆ. ಉಜ್ಜಿದಾಗಲೆಲ್ಲ ಪ್ರತಿಯೊಂದು ಎಳೆಯೂ ಬುಡ ಮುಂದಾಗಿ ಒಂದಿಷ್ಟು ತೆವಳುತ್ತದೆ, ಹಿಂದಕ್ಕೆ ಬರಲಾರದು. ಎಲ್ಲ ಎಳೆಗಳೂ ಹೀಗೆ ಒಂದರೊಳಗೊಂದು ನುಗ್ಗಿದರೆ ಸ್ವೆಟರು ಕುಗ್ಗದೆ ಇನ್ನೇನಾದೀತು? ಹತ್ತಿಗೆ, ನೈಲಾನಿಗೆ ಹುರುಪೆಗಳಿಲ್ಲ. ಆದ್ದರಿಂದಲೇ ಅವು ಹೀಗೆ ಗಂಟುಹಾಕಿಕೊಳ್ಳುವುದಿಲ್ಲ.

ಫೆಲ್ಟಿನ ಚರಿತ್ರೆಯಲ್ಲಿ ಒಂದು ಕಹಿ ಪುಟವೂ ಇದೆ. ಯೂರೋಪು ಮತ್ತು ಅಮೆರಿಕದಲ್ಲಿ ಗಣ್ಯರು ಧರಿಸುತ್ತಿದ್ದ ಹ್ಯಾಟುಗಳನ್ನು ಮೊಲದ ಮತ್ತು ಬೀವರ್ ಪ್ರಾಣಿಯ ತುಪ್ಪಳದಿಂದ ಮಾಡುತ್ತಿದ್ದರು. ಅದು ಉಣ್ಣೆಯಷ್ಟು ಸುಲಭವಾಗಿ ಕೂಡಿಕೊಳ್ಳದು. ಹಾಗಾಗಿ ಅದಕ್ಕೆ ಪಾದರಸದ ನೈಟ್ರೇಟ್ ದ್ರಾವಣ ಬಳಿಯುತ್ತಿದ್ದರು. ಬಿಸಿ ತಾಗಿದಾಗ ಏಳುವ ಪಾದರಸದ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರ ಕೈಕಾಲು ನಡುಗುತ್ತಿದ್ದವು, ಮಾತು ತೊದಲುತ್ತಿತ್ತು, ಬುದ್ಧಿ ಅಸ್ಥಿರವಾಗುತ್ತಿತ್ತು. ಹ್ಯಾಟುಗಳಿಗೆ ಹೆಸರಾಗಿದ್ದ ಅಮೆರಿಕದ ಡ್ಯಾನ್‌ಬರಿ ಪಟ್ಟಣದಲ್ಲಂತೂ ಆ ನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಅಲ್ಲಿ ಫೆಲ್ಟ್ ತಯಾರಿಕೆಯಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಪುಣ್ಯಕ್ಕೆ, ಕುರಿಯ ಉಣ್ಣೆಗೆ ಇದಾವುದರ ಅಗತ್ಯವೂ ಇಲ್ಲ.

ಕಚ್ಚು ಇರುವ ಸೂಜಿ

ಈಗ ಸೂಜಿಗೆ ಬರೋಣ. ಈ ಸೂಜಿಗೆ ಕಣ್ಣಿಲ್ಲ, ದಾರ ಪೋಣಿಸುವ ಪ್ರಶ್ನೆಯೇ ಇಲ್ಲ. ಸುಮಾರು ಮೂರರಿಂದ ಮೂರೂವರೆ ಅಂಗುಲ ಉದ್ದ, ಮೇಲ್ತುದಿ ಬಾಗಿರುತ್ತದೆ. ಕೆಳಭಾಗವನ್ನು ಅಡ್ಡ ಕತ್ತರಿಸಿ ನೋಡಿದರೆ ಸಾಮಾನ್ಯವಾಗಿ ತ್ರಿಕೋನಾಕಾರ. ಆ ಮೂರು ಅಂಚುಗಳಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಸಣ್ಣ ಕಚ್ಚುಗಳಿವೆ. ಬೆರಳಿಗೆ ತಾಕದಂತೆ ಭೂತಗನ್ನಡಿಯಲ್ಲಿ ನೋಡಬೇಕು.

ಮೀನಿನ ಗಾಳ ಒಳಗೆ ಸಲೀಸಾಗಿ ಹೋಗುತ್ತದೆ, ಹೊರಗೆ ಬರುವಾಗ ಸಿಕ್ಕಿಕೊಳ್ಳುತ್ತದೆ. ರವಿಕೆಯ ಮೇಲೆ ಆರಿ ಕೆಲಸ ಮಾಡುವವರ ಸೂಜಿಯೂ ಹಿಂದೆ ಬರುವಾಗಲೇ ದಾರವನ್ನು ಎಳೆದು ತರುತ್ತದೆ. ಈ ಸೂಜಿ ಅವೆರಡಕ್ಕೂ ತದ್ವಿರುದ್ಧ. ಒಳಗೆ ಹೋಗುವಾಗ ಕಚ್ಚುಗಳು ಮೇಲಿನ ಒಂದಷ್ಟು ಎಳೆಗಳನ್ನು ಕಚ್ಚಿಕೊಂಡು ಆಳಕ್ಕೆ ತಳ್ಳುತ್ತವೆ, ಹೊರಬರುವಾಗ ಅವನ್ನು ಅಲ್ಲೇ ಬಿಟ್ಟು ಖಾಲಿ ಬರುತ್ತವೆ. ನೂರಾರು ಸಲ ಚುಚ್ಚಿದರೆ ಹೊರಗಿನದು ಒಳಗಿನದರ ಜೊತೆ ಬೆಸೆದುಕೊಂಡು ಉಂಡೆ ಗಟ್ಟಿಯಾಗುತ್ತದೆ. ಬಟ್ಟೆ ಹೊಲಿಯುವ ಸೂಜಿಯಿಂದ ಸಾವಿರ ಸಲ ಚುಚ್ಚಿದರೂ ಹೀಗಾಗದು. ಬೇಕಾದರೆ ಎರಡನ್ನೂ ಪಕ್ಕಪಕ್ಕದಲ್ಲಿ ಪ್ರಯತ್ನಿಸಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಹುರುಪೆಗಳಿಂದಲೇ ಸೂಜಿಯ ಫೆಲ್ಟ್ ಆಗುತ್ತದೆ ಎಂದು ಹಲವರು ಹೇಳುವುದುಂಟು. ಅದು ಅರ್ಧ ಸತ್ಯ. ಬಿಸಿನೀರಿನ ವಿಧಾನಕ್ಕೆ ಹುರುಪೆ ಬೇಕೇ ಬೇಕು. ಸೂಜಿಯ ವಿಧಾನದಲ್ಲಿ ಮುಖ್ಯ ಕೆಲಸ ಕಚ್ಚುಗಳದ್ದು. ಹುರುಪೆ ಮತ್ತು ಸುರುಳಿಗಳು ಹಿಡಿತಕ್ಕೆ ನೆರವಾಗುತ್ತವೆ, ಅಷ್ಟೆ. ಹುರುಪೆಯೇ ಇಲ್ಲದ ಪಾಲಿಯೆಸ್ಟರ್ ಎಳೆಗಳನ್ನೂ ಕಾರ್ಖಾನೆಗಳಲ್ಲಿ ಸಾವಿರಾರು ಸೂಜಿಗಳಿರುವ ಯಂತ್ರಗಳಿಂದ ಚುಚ್ಚಿ ನೆಲಹಾಸು, ಸೋಸುವ ಬಟ್ಟೆ, ರಸ್ತೆಯ ಅಡಿಗೆ ಹಾಸುವ ಬಟ್ಟೆ ತಯಾರಿಸುವುದು ಇದಕ್ಕೆ ಸಾಕ್ಷಿ. ಇಂಥ ಯಂತ್ರಗಳು 19ನೇ ಶತಮಾನದಲ್ಲೇ ಬಂದವು. ಅದರ ಒಂದೇ ಒಂದು ಸೂಜಿಯನ್ನು ಕೈಯಲ್ಲಿ ಹಿಡಿದು ಗೊಂಬೆ ಮಾಡಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಡೇವಿಡ್ ಮತ್ತು ಎಲೀನರ್ ಸ್ಟಾನ್‌ವುಡ್ ದಂಪತಿ.

ಸೂಜಿಗೆ ನಂಬರು ಇರುತ್ತದೆ. ವಿದ್ಯುತ್ ತಂತಿಯ ಗೇಜಿನಂತೆ ಇಲ್ಲೂ ನಂಬರು ಹೆಚ್ಚಾದಷ್ಟೂ ಸೂಜಿ ತೆಳುವು. 36 ದಪ್ಪ, ಮೊದಲಿಗೆ ಆಕಾರ ಕೊಡಲು. 38 ಎಲ್ಲಕ್ಕೂ ಹೊಂದುವ ಮಧ್ಯಮ. ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. 40 ತೆಳು, ಕೊನೆಯ ನಯಗಾರಿಕೆಗೆ. ದೊಡ್ಡ ಊರುಗಳ ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲೂ ಅಂತರ್ಜಾಲದ ಮಳಿಗೆಗಳಲ್ಲೂ ಸಿಗುತ್ತವೆ. ಮುರಿಯುವ ವಸ್ತು, ಮೂರ್ನಾಲ್ಕು ಇರಲಿ.

‘ಉಲ್ಲನ್’ ಎಲ್ಲವೂ ಉಣ್ಣೆಯಲ್ಲ

ಬಳೆ ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಬಣ್ಣಬಣ್ಣದ ದಾರದ ಉಂಡೆ ಕೊಡುತ್ತಾರೆ. ಅದು ಬಹುಪಾಲು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂನಿಂದ ಬಂದ ಕೃತಕ ಎಳೆ. ಜೊತೆಗೆ ಅದು ಆಗಲೇ ಹೊಸೆದ ದಾರ. ಇಲ್ಲಿ ಬೇಕಾದದ್ದು ಹೊಸೆಯದ, ಹಿಂಜಿದ ಉಣ್ಣೆ. ತಂದೆತಾಯಂದಿರು ಮಕ್ಕಳಿಗೆಂದು ಸಾಮಗ್ರಿಯ ಪೆಟ್ಟಿಗೆ ಕೊಳ್ಳುವಾಗಲೂ ಒಳಗಿರುವುದು ನಿಜವಾದ ಉಣ್ಣೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು. ಪರೀಕ್ಷೆ ಸುಲಭ, ಆದರೆ ದೊಡ್ಡವರೇ ಮಾಡಬೇಕು. ನಾಲ್ಕು ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ನಾತ ಬರುತ್ತದೆ, ಬೆಂಕಿಯಿಂದ ತೆಗೆದೊಡನೆ ಆರುತ್ತದೆ, ಉಳಿದ ಕರಿ ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಆ ನಾತ ಕೆರಾಟಿನ್‌ನಲ್ಲಿರುವ ಗಂಧಕದ್ದು. ಅಕ್ರಿಲಿಕ್ ಆದರೆ ಕರಗುತ್ತಾ ಉರಿದು, ಒಡೆಯಲಾಗದ ಕರಿಮಣಿಯಾಗುತ್ತದೆ.

ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಬರುವುದು ಮೆರಿನೋ ಕುರಿಯ ಉಣ್ಣೆ. ಅದು ಬಲು ನಯ, ಬಣ್ಣಗಳೂ ಚೆಂದ. ಆದರೆ ನಯವಾದುದೇ ಕಲಿಯುವವರಿಗೆ ಸುಲಭ ಎಂದೇನಿಲ್ಲ. ತೀರಾ ನಯವಾದ ಎಳೆ ಗಟ್ಟಿಯಾಗಲು ಸಮಯ ಹಿಡಿಯುತ್ತದೆ, ಸೂಜಿಯ ಗುರುತುಗಳೂ ಎದ್ದು ಕಾಣುತ್ತವೆ. ಸ್ವಲ್ಪ ಒರಟಾದ ಉಣ್ಣೆ ಬೇಗ ಆಕಾರಕ್ಕೆ ಬರುತ್ತದೆ.

ಒರಟು ಉಣ್ಣೆ ಎಂದರೆ ನಮ್ಮಲ್ಲೇನು ಬರವೆ? ಬನ್ನೂರು ಕುರಿ ಮಾಂಸಕ್ಕೆ ಹೆಸರಾದುದು, ಅದರಲ್ಲಿ ಉಣ್ಣೆ ಅಷ್ಟಕ್ಕಷ್ಟೆ. ಆದರೆ ಉತ್ತರ ಹಾಗೂ ಮಧ್ಯ ಕರ್ನಾಟಕದ ಡೆಕ್ಕನಿ ಕುರಿಯ ಕಪ್ಪು ತುಪ್ಪಟದಿಂದಲೇ ಚಳ್ಳಕೆರೆ ಸೀಮೆಯ ಕಂಬಳಿಗಳು ಹುಟ್ಟಿದ್ದು. ಕುರುಬರು ಉಣ್ಣೆ ಹಿಂಜಿ, ನೂತು, ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿದು ಗುಂಡಿಮಗ್ಗದಲ್ಲಿ ನೇಯುತ್ತಾರೆ. ಕಂಬಳಿ ನೇಯ್ದ ಬಟ್ಟೆಯೇ ಹೊರತು ಫೆಲ್ಟಲ್ಲ. ಆದರೆ ಅದನ್ನು ಕೊಪ್ಪೆ ಮಾಡಿ ಹೊದ್ದು ಹತ್ತಾರು ಮಳೆಗಾಲ ಕಳೆದವರ ಹಳೆಯ ಕಂಬಳಿಯನ್ನು ಮುಟ್ಟಿ ನೋಡಿ. ನೆಂದು, ಒಣಗಿ, ಉಜ್ಜಿ ನೇಯ್ಗೆಯ ಸಂದುಗಳು ಮುಚ್ಚಿಕೊಂಡಿರುತ್ತವೆ. ಸ್ವೆಟರಿಗೆ ಆದದ್ದೇ ಅಲ್ಲೂ ನಿಧಾನವಾಗಿ ಆಗಿರುತ್ತದೆ.

ಡೆಕ್ಕನಿ ಕುರಿಯೊಂದು ವರ್ಷಕ್ಕೆ ಕೊಡುವ ಉಣ್ಣೆ ಒಂದು ಕಿಲೋಗಿಂತ ಕಡಿಮೆ. ಆಸ್ಟ್ರೇಲಿಯದ ಮೆರಿನೋ ನಾಲ್ಕೈದು ಕಿಲೋ ಕೊಡುತ್ತದೆ. ಅಗ್ಗದ ಕೃತಕ ಹೊದಿಕೆಗಳು ಬಂದ ಮೇಲೆ ಕಂಬಳಿಗೆ ಗಿರಾಕಿ ಕಡಿಮೆಯಾದರು. ಉಣ್ಣೆ ಮಾರಿದ ಹಣ ಕತ್ತರಿಸಿದ ಕೂಲಿಗೂ ಸಾಲದೆ, ದಖ್ಖನ್ ಪ್ರಸ್ಥಭೂಮಿಯ ಹಲವೆಡೆ ಕುರಿಗಾಹಿಗಳು ಅದನ್ನು ಹೊಲದ ಬದುವಿನಲ್ಲಿ ಎಸೆದು ಹೋಗುವ ಸ್ಥಿತಿ ಇದೆ. ಅತ್ತ ಉಣ್ಣೆ ಮಣ್ಣುಪಾಲು. ಇತ್ತ ಹೊರದೇಶದ ಉಣ್ಣೆಯ ಪುಟ್ಟ ಪೊಟ್ಟಣಕ್ಕೆ ನೂರಾರು ರೂಪಾಯಿ! ಡೆಕ್ಕನಿ ಉಣ್ಣೆಯಲ್ಲಿ ಒರಟು ಕೂದಲು ಬೆರೆತಿರುವುದರಿಂದ ಗೊಂಬೆಯ ಮೈ ತುಸು ಜುಂಗುಜುಂಗಾಗುವುದು ನಿಜ. ಒಳಗಿನ ತಿರುಳಿಗಂತೂ ಧಾರಾಳವಾಗಿ ಬಳಸಬಹುದು, ಮೇಲೊಂದು ಪದರ ನಯವಾದ ಉಣ್ಣೆ ಹೊದಿಸಿದರಾಯಿತು.

ಹಸಿ ಉಣ್ಣೆ ತಂದರೆ ಆರೋಗ್ಯವಂತ ಕುರಿಯದ್ದನ್ನೇ ತರಬೇಕು. ಸತ್ತ ಕುರಿಯ ಉಣ್ಣೆ ಖಂಡಿತ ಬೇಡ. ಆಂಥ್ರಾಕ್ಸ್ ರೋಗದ ಬೀಜಾಣುಗಳು ಉಣ್ಣೆಯಲ್ಲಿ ಬಹುಕಾಲ ಬದುಕಿರುತ್ತವೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುತ್ತಿದ್ದ ಅನೇಕರು ಇದರಿಂದಲೇ ಸತ್ತರು. ತಂದ ಉಣ್ಣೆಯ ಕಸಕಡ್ಡಿ ಆರಿಸಿ, ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿಡಿ. ಉಜ್ಜಬೇಡಿ, ಹಿಂಡಬೇಡಿ (ಸ್ವೆಟರು ನೆನಪಿರಲಿ!). ಎರಡು ಮೂರು ಸಲ ಅದೇ ಬಿಸಿಯ ನೀರು ಬದಲಿಸಿ, ನೆರಳಿನಲ್ಲಿ ಒಣಗಿಸಿ, ಬೆರಳಿನಿಂದ ಹಿಂಜಿ ಇಟ್ಟುಕೊಳ್ಳಿ.

ಗುಬ್ಬಚ್ಚಿ ಮಾಡೋಣ

ಅಡಿಗೆ ಹಾಸಲು ಎರಡು ಅಂಗುಲ ದಪ್ಪದ ಒತ್ತಾದ ಫೋಮ್ ತುಂಡು ಬೇಕು. ಸಿಗದಿದ್ದರೆ ಗೋಣಿಬಟ್ಟೆಯ ಪುಟ್ಟ ಚೀಲದಲ್ಲಿ ಅಕ್ಕಿ ತುಂಬಿ ಹೊಲಿದರೂ ನಡೆಯುತ್ತದೆ. ಸಡಿಲವಾಗಿ ಎರಡು ಬೊಗಸೆ ಉಣ್ಣೆ ತೆಗೆದು, ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ. ಮೊದಲ ಸುತ್ತು ಎಷ್ಟು ಬಿಗಿಯೋ ಮುಂದಿನ ಕೆಲಸ ಅಷ್ಟು ಕಡಿಮೆ. ಸುರುಳಿಯನ್ನು ಫೋಮಿನ ಮೇಲಿಟ್ಟು, 36ರ ಸೂಜಿಯಿಂದ ನಡುವಿನವರೆಗೂ ಇಳಿಯುವಂತೆ ಚುಚ್ಚುತ್ತಾ ಹೋಗಿ. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗುಳಿ ಬೀಳುತ್ತದೆ; ಆದ್ದರಿಂದ ಉಂಡೆಯನ್ನು ತಿರುಗಿಸುತ್ತಲೇ ಇರಬೇಕು. ಬೇಕೆಂದ ಕಡೆ ಗುಳಿ ಮಾಡುವ ಉಪಾಯವೂ ಇದೇ.

ಸೂಜಿ ಯಾವ ಓರೆಯಲ್ಲಿ ಒಳಗೆ ಹೋಯಿತೋ ಅದೇ ಓರೆಯಲ್ಲಿ ಹೊರಗೆ ಬರಬೇಕು. ಒಳಗಿದ್ದಾಗ ಮೀಟಿದರೆ ಟಕ್ಕನೆ ಮುರಿಯುತ್ತದೆ, ಕಾರಣ ಅದು ಗಡಸು ಉಕ್ಕು. ತುದಿ ಮುರಿದು ಒಳಗೇ ಉಳಿದರೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಉಂಡೆಯ ಸುತ್ತ ಹಿಡಿದು ಹುಡುಕಿ. ಸಿಗದಿದ್ದರೆ ಆ ಗೊಂಬೆಯನ್ನು ಬಿಚ್ಚಿ ಎಸೆಯುವುದೇ ಸರಿ, ತಂಗಿಯ ಕೈಗೆ ಕೊಡುವುದಲ್ಲ.

ಉಂಡೆ ಕ್ರಮೇಣ ಕುಗ್ಗುತ್ತಾ ನಿಂಬೆಹಣ್ಣಿನ ಗಾತ್ರಕ್ಕೆ ಬರುತ್ತದೆ. ಅದುಮಿದರೆ ರಬ್ಬರ್ ಚೆಂಡಿನಂತೆ ಪುಟಿಯಬೇಕು. ಅದಕ್ಕೆ ಅರ್ಧ ಗಂಟೆಯಾದರೂ ಬೇಕು, ಅವಸರ ಸಲ್ಲದು. ತಲೆಗೆ ಇನ್ನೊಂದು ಚಿಕ್ಕ ಉಂಡೆ ಮಾಡಿ, ಕತ್ತಿನ ಕಡೆ ಎಳೆಗಳನ್ನು ಚುಚ್ಚದೆ ಜಡೆಯ ತುದಿಯಂತೆ ಸಡಿಲ ಬಿಡಿ. ಆ ಸಡಿಲ ಎಳೆಗಳನ್ನು ಮೈಯ ಮೇಲೆ ಹರಡಿ ಸುತ್ತಲೂ ಚುಚ್ಚಿದರೆ ಬೆಸುಗೆಯಾಗುತ್ತದೆ. ರೆಕ್ಕೆಗಳನ್ನು ಫೋಮಿನ ಮೇಲೆ ಚಪ್ಪಟೆಯಾಗಿ ಮಾಡುವಾಗ ಆಗಾಗ ಕಿತ್ತು ಮಗುಚಬೇಕು, ಇಲ್ಲವಾದರೆ ಅವು ಫೋಮಿಗೇ ಅಂಟಿಕೊಳ್ಳುತ್ತವೆ. ಕೊಕ್ಕಿಗೆ ಚಿಟಿಕೆ ಉಣ್ಣೆ, 40ರ ಸೂಜಿ. ಕಡಿಮೆಯಾದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯಲು ಬಾರದು. ಗಂಡುಗುಬ್ಬಿಯ ಕೊರಳಿನ ಕಪ್ಪು ಮಚ್ಚೆಗೆ ಡೆಕ್ಕನಿ ಉಣ್ಣೆಗೆ ಬಣ್ಣವೇ ಬೇಡ. ಹೆಣ್ಣುಗುಬ್ಬಿಗೆ ಆ ಮಚ್ಚೆ ಇಲ್ಲ.

ಒಂದು ಮಾತು ತಂದೆತಾಯಂದಿರಿಗೆ. ಕಚ್ಚು ಇರುವ ಸೂಜಿ ಬೆರಳಿಗೆ ಇಳಿದರೆ ಗಾಯ ಆಳವಾಗುತ್ತದೆ. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಚರ್ಮದ ಟೋಪಿ ಹೊಲಿದು ಕೊಡಿ. ಟಿವಿ ನೋಡುತ್ತಾ ಮಾಡುವ ಕೆಲಸ ಇದಲ್ಲ. ಹತ್ತು ವರ್ಷದೊಳಗಿನವರಿಗೆ ಸೂಜಿ ಬೇಡವೇ ಬೇಡ. ಅವರಿಗೆ ಉಣ್ಣೆಯನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ ಅಂಗೈಗಳ ನಡುವೆ ಉಂಡೆ ಉರುಳಿಸಲು ಹೇಳಿ. ಮೊದಲು ಮೆಲ್ಲಗೆ, ಎಳೆ ಹಿಡಿದುಕೊಂಡಂತೆ ಒತ್ತಿ. ಹತ್ತು ಹದಿನೈದು ನಿಮಿಷದಲ್ಲಿ ಚೆಂಡು ಸಿದ್ಧ.

ಮುಗಿದ ಗುಬ್ಬಚ್ಚಿಯನ್ನು ಗಾಜಿನ ಕಪಾಟಿನಲ್ಲಿಟ್ಟು ಮರೆತುಬಿಡಬೇಡಿ. ನುಸಿಯ ಹುಳುಗಳಿಗೆ ಕೆರಾಟಿನ್ ಎಂದರೆ ಹಬ್ಬದೂಟ. ತಿಂಗಳಿಗೊಮ್ಮೆ ಹೊರತೆಗೆದು ಕೊಡವಿ, ಒಂದು ಗಳಿಗೆ ಬಿಸಿಲಿಗಿಟ್ಟು ಒಳಗಿಡಿ.