ಮೈಸೂರಿನಲ್ಲಿ ಮಗಳು ಎಂತ ತಿಂತಾಳೆ?

ಮಗಳನ್ನು ಮೈಸೂರಿನ ಕಾಲೇಜಿಗೆ ಸೇರಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ರಾತ್ರಿ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಪಾಠದ್ದಲ್ಲ, ಊಟದ್ದು. "ಇವತ್ತು ಎಂತ ತಿಂದದ್ದು?" ಅವಳ ಉತ್ತರವೂ ಹೆಚ್ಚುಕಡಿಮೆ ದಿನಾ ಒಂದೇ. "ಪಪ್ಸ್ ತಿಂದೆ ಉಮ್ಮ." ಇಲ್ಲದಿದ್ದರೆ, "ರೂಮಲ್ಲೇ ನೂಡಲ್ಸ್ ಮಾಡಿದೆ." ಎಂಟು ತಿಂಗಳು ಕಳೆದು ರಜೆಗೆ ಊರಿಗೆ ಬಂದಾಗ ಅವಳ ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿಸಿ, ರಕ್ತ ಕಡಿಮೆ ಉಂಟು, ಹೊತ್ತು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಅಂದರು.

"ಅಲ್ಲಿ ಹೋಟೆಲ್ ಇಲ್ವಾ ಮಗಳೇ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಬೇಕಾದಷ್ಟು ಉಂಟು ಉಪ್ಪ. ಹಲಾಲಾ ಅಂತ ಕೇಳ್ಲಿಕ್ಕೆ ಒಂಥರಾ ಆಗ್ತದೆ. ಫ್ರೆಂಡ್ಸ್ ಒಟ್ಟಿಗೆ ಇರ್ತಾರೆ, ಕೇಳಿದ್ರೆ ಎಲ್ಲರೂ ತಿರುಗಿ ನೋಡ್ತಾರೆ. ನಮ್ಮವರ ಬಿರಿಯಾನಿ ಹೋಟೆಲಿಗೆ ಒಬ್ಳೇ ಹೋದ್ರೆ ಒಳಗೆ ಪೂರ್ತಿ ಗಂಡಸರೇ."

ಈ ಮಾತು ನಮಗೆ ತಾಗಿತು. 2022ರ ಯುಗಾದಿ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಹೆಸರಿನಲ್ಲಿ ನಡೆದ ಗದ್ದಲ ಎಲ್ಲರಿಗೂ ನೆನಪಿರಬಹುದು. ಆಗ ಶಾಲೆಯಲ್ಲಿದ್ದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಆ ಪದವನ್ನು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳುವುದೇ ಅವರಿಗೆ ಕಷ್ಟವಾಗಿದೆ. ಕೇಳುವುದಕ್ಕಿಂತ ಹಸಿದಿರುವುದೇ ಸುಲಭ ಎಂದು ನಮ್ಮ ಮಗಳಿಗೆ ಅನ್ನಿಸಿಬಿಟ್ಟಿತ್ತು.

ರಜೆ ಮುಗಿದು ಅವಳು ಹೊರಟಾಗ ನಾವೂ ಬಸ್ಸು ಹತ್ತಿದೆವು. ಪುತ್ತೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ, ಹುಣಸೂರು ದಾಟಿ ಮೈಸೂರು ಸೇರುವಾಗ ಸಂಜೆ. ಎರಡು ದಿನ ಉಳಿದು, ಅವಳ ಜೊತೆ ಊರು ಸುತ್ತಿ, ಅವಳಿಗೆ ತಿನ್ನಲು ಜಾಗ ಹುಡುಕಿ ಕೊಟ್ಟೇ ಬರುವುದೆಂದು ನಿರ್ಧರಿಸಿದ್ದೆವು.

ಮೊದಲ ರಾತ್ರಿಯೇ ಎಡವಟ್ಟು

ಮೊದಲ ರಾತ್ರಿ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಫೋನ್ ತೆಗೆದು, ಹತ್ತಿರ ಯಾವ ಹೋಟೆಲಿಗೆ ಜಾಸ್ತಿ ನಕ್ಷತ್ರ ಉಂಟು ಎಂದು ನೋಡಿ ಹೋದೆವು. ಬಾಗಿಲಲ್ಲಿ ದೊಡ್ಡದಾಗಿ ಹಲಾಲ್ ಎಂಬ ಬೋರ್ಡ್, ಒಳಗೆ ಬಣ್ಣಬಣ್ಣದ ಲೈಟು. ತಟ್ಟೆಗೆ ಬಂದ ಕಬಾಬ್ ಬೆರಳಿಗೆ ಅಂಟುವಷ್ಟು ಕೆಂಪು. ಅಡಿಗೆಮನೆಯ ಕಡೆಯಿಂದ ಹಳೆ ಎಣ್ಣೆಯ ವಾಸನೆ. ಮಧ್ಯರಾತ್ರಿ ಮೂವರಲ್ಲಿ ಇಬ್ಬರಿಗೆ ಹೊಟ್ಟೆ ಕೆಟ್ಟಿತು.

ಆ ರಾತ್ರಿ ಒಂದು ವಿಷಯ ಸ್ಪಷ್ಟವಾಯಿತು. ಬೋರ್ಡ್ ನೋಡಿ ನಾವು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದ್ದೆವು. ಹಲಾಲ್ ಎಂಬ ಮಾತಿನ ಜೊತೆಗೆ ತಯ್ಯಿಬ್ ಎಂಬ ಮಾತೂ ನಮಗೆ ಗೊತ್ತಿದೆ. ಶುದ್ಧವಾದದ್ದು, ಒಳ್ಳೆಯದು ಎಂದು ಅದರ ಅರ್ಥ. ಮೊದಲನೆಯದನ್ನು ಕೇಳಲು ಮಗಳಿಗೆ ಸಂಕೋಚ. ಎರಡನೆಯದನ್ನು ಕೇಳಬೇಕೆಂದು ದೊಡ್ಡವರಾದ ನಮಗೇ ಹೊಳೆದಿರಲಿಲ್ಲ.

ಕಬಾಬಿನ ಬಣ್ಣದ ವಿಷಯ ಸಣ್ಣದಲ್ಲ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬಿಗೂ ನಿಷೇಧ ಬಂತು. ಮೆಣಸು, ಅರಸಿನ ಹಾಕಿ ಮನೆಯಲ್ಲಿ ಕರಿದ ಕೋಳಿ ಯಾವ ಬಣ್ಣಕ್ಕೆ ಬರುತ್ತದೆಂದು ಗೊತ್ತಿದ್ದವರಿಗೆ, ರಕ್ತಗೆಂಪು ಕಬಾಬ್ ಕಂಡಾಗ ಏಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ನಾವು ಏಳಲಿಲ್ಲ. ಆರ್ಡರ್ ಕೊಟ್ಟಾಗಿದೆ, ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಮಗಳ ಸಂಕೋಚ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ನಜರ್‌ಬಾದಿನ ದೋಸೆ

ಮರುದಿನ ಬೆಳಿಗ್ಗೆ ಫೋನ್ ಒಳಗಿಟ್ಟು ಜನರನ್ನು ಕೇಳಿದೆವು. ಲಾಡ್ಜಿನ ಕಾವಲುಗಾರ, ಆಟೋದವರು, ಪೇಪರ್ ಹಾಕುವ ಹುಡುಗ, ಮೂವರೂ ಹೇಳಿದ್ದು ನಜರ್‌ಬಾದ್ ಕಡೆಗೆ. ಅಲ್ಲಿ ಮೈಲಾರಿ ಹೆಸರಿನ ಎರಡು ಹೋಟೆಲುಗಳು ಹತ್ತಿರ ಹತ್ತಿರ ಇವೆ. ಯಾವುದು ಮೊದಲಿನದು ಎಂಬ ಚರ್ಚೆಯನ್ನು ಮೈಸೂರಿನವರಿಗೇ ಬಿಡೋಣ. ಒಳಗೆ ನಾಲ್ಕಾರು ಮೇಜು, ಗೋಡೆಯಲ್ಲಿ ಉದ್ದದ ಪಟ್ಟಿಯಿಲ್ಲ. ದೋಸೆ, ಇಡ್ಲಿ, ಕಾಫಿ. ಬಾಳೆಲೆಯ ಮೇಲೆ ಬರುವ ದೋಸೆ ನಮ್ಮ ಮಂಗಳೂರಿನ ಗರಿಗರಿ ಮಸಾಲೆ ದೋಸೆಯ ಹಾಗಲ್ಲ. ಮೆತ್ತಗೆ, ಮೇಲೊಂದು ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಕಾಯಿಚಟ್ನಿ. ಮಗಳು ಎರಡು ತಿಂದಳು.

ಇಲ್ಲಿಂದ ಒಂದು ಪಾಠ. ನಾಲ್ಕೈದು ತಿಂಡಿ ಮಾತ್ರ ಮಾಡಿ, ಅದು ಮುಗಿದ ಕೂಡಲೇ ಬಾಗಿಲು ಹಾಕುವ ಹೋಟೆಲಿನಲ್ಲಿ ನಿನ್ನೆಯ ಸಾಮಾನು ಉಳಿಯುವುದು ಕಡಿಮೆ. ನೂರೈವತ್ತು ಬಗೆ ಬರೆದಿಟ್ಟ ಹೋಟೆಲಿನಲ್ಲಿ ಅಷ್ಟನ್ನೂ ಅವತ್ತೇ ತಯಾರಿಸಿರಲು ಸಾಧ್ಯವಿಲ್ಲ, ಹೆಚ್ಚಿನದ್ದು ಫ್ರಿಜ್ಜಿನಿಂದಲೇ ಬರಬೇಕು. ಇನ್ನೊಂದು ಮಾತು: ಹಲಾಲ್ ಚಿಂತೆ ಬರುವುದು ಮಾಂಸಕ್ಕೆ. ಬೆಳಗ್ಗಿನ ತಿಂಡಿಗೆ ಮೈಸೂರಿನ ಸಸ್ಯಾಹಾರಿ ಹೋಟೆಲುಗಳು ಬೀದಿಬೀದಿಯಲ್ಲಿ ಇರುವಾಗ ನಮ್ಮ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಕ್ಲಾಸಿಗೆ ಹೋಗಬೇಕಾದ ಕಾರಣವೇ ಇಲ್ಲ.

ಮಾರುಕಟ್ಟೆಯೊಳಗೆ

ಅಲ್ಲಿಂದ ಸಯ್ಯಾಜಿರಾವ್ ರಸ್ತೆಗೆ ಬಂದೆವು. ದೇವರಾಜ ಮಾರುಕಟ್ಟೆ ನೂರು ವರ್ಷಕ್ಕೂ ಹಳೆಯದು. 2016ರಲ್ಲಿ ಅದರ ಒಂದು ಭಾಗ ಕುಸಿದು ಬಿತ್ತು. ಕೆಡವಿ ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ವಾದದ ನಡುವೆಯೇ ವ್ಯಾಪಾರ.

ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಮ್ಮ ಉಡುಪಿ ಮಲ್ಲಿಗೆಗೂ ಮಟ್ಟುಗುಳ್ಳಕ್ಕೂ ಇರುವಂತೆ. ವೀಳ್ಯದೆಲೆ ಕಂಡ ಕೂಡಲೇ ಮನೆಯಲ್ಲಿರುವ ಅಜ್ಜಿಗೆಂದು ಎರಡು ಕಟ್ಟು ಕೊಂಡೆವು. ರಸಬಾಳೆಗೆ ಬಹಳ ಕಾಲದಿಂದ ಸೊರಗು ರೋಗದ ಕಾಟ, ಬೆಳೆಯುವವರೇ ಕಡಿಮೆಯಾಗಿದ್ದಾರೆ. ಹಾಗಾಗಿ ರಸಬಾಳೆ ಎಂದು ಹೇಳಿ ಕೊಡುವ ಎಲ್ಲ ಹಣ್ಣೂ ರಸಬಾಳೆಯಲ್ಲ. ಒಂದು ಹಣ್ಣು ಕೊಂಡು ಅಲ್ಲೇ ಸುಲಿದು ತಿಂದು, ಆಮೇಲೆ ಚಿಪ್ಪು ಕೇಳಿ. ಬದನೆ ಇಷ್ಟವಿದ್ದವರು ಈರನಗೆರೆ ಬದನೆ ಬಂದಿದೆಯಾ ಎಂದು ವಿಚಾರಿಸಬಹುದು. ಮೈಸೂರಿನದ್ದೇ ಹಳೆಯ ತಳಿ ಅದು.

ಮಾರುಕಟ್ಟೆಯ ಬದಿಯಲ್ಲೇ ಗುರು ಸ್ವೀಟ್ ಮಾರ್ಟ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡಿಗೆಯವರಾಗಿದ್ದ ಕಾಕಾಸುರ ಮಾದಪ್ಪ ಮೊದಲ ಬಾರಿಗೆ ಮೈಸೂರು ಪಾಕ್ ಮಾಡಿದರೆಂದು ಪ್ರತೀತಿ. ಅವರ ವಂಶದವರದ್ದೇ ಈ ಅಂಗಡಿ. ಕಡ್ಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ ಸಾಮಾನು. ಇಲ್ಲೊಂದು ಉಪಯೋಗದ ಮಾತು: 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಎದುರು ಎಷ್ಟು ದಿನದೊಳಗೆ ತಿನ್ನಬೇಕೆಂಬ ತಾರೀಕು ಬರೆದಿಡಬೇಕೆಂದು ನಿಯಮವಿದೆ. ಊರಿಗೆ ಕಟ್ಟಿಸಿಕೊಳ್ಳುವವರು ಯಾವ ಅಂಗಡಿಯಲ್ಲಾದರೂ ಅದನ್ನೊಮ್ಮೆ ನೋಡಿಕೊಳ್ಳಿ.

ಮಂಡಿ ಮೊಹಲ್ಲಾದಲ್ಲಿ ಬಾಯಿಬಿಟ್ಟದ್ದು

ಮಧ್ಯಾಹ್ನದ ಊಟಕ್ಕೆ ಮಂಡಿ ಮೊಹಲ್ಲಾ ಕಡೆ ನಡೆದೆವು. ಸೇಂಟ್ ಫಿಲೋಮಿನಾ ಚರ್ಚಿನ ಎತ್ತರದ ಗೋಪುರಗಳು ಕಾಣುವ ಅಶೋಕ ರಸ್ತೆ, ಮೀನಾ ಬಜಾರ್, ಅಕ್ಬರ್ ರಸ್ತೆ, ಇದೆಲ್ಲ ಹಳೆ ಮೈಸೂರಿನ ಮುಸ್ಲಿಮರ ಕಡೆ. ರಮಝಾನ್ ಸಂಜೆಗಳಲ್ಲಿ ಇಲ್ಲಿ ಸಮೋಸ, ಹಲೀಮ್ ಅಂಗಡಿಗಳ ಸಾಲೇ ನಿಲ್ಲುತ್ತದೆ. ಇಲ್ಲಿನವರ ಮನೆಮಾತು ದಖನಿ ಉರ್ದು, ನಮ್ಮದು ಬ್ಯಾರಿ. ಅಡಿಗೆಯೂ ಬೇರೆ. ನಾವು ಪತ್ತಿರ್ ಮತ್ತು ತೆಂಗಿನಕಾಯಿ ಅರೆದ ಸಾರಿನವರು, ಅವರು ಖುಷ್ಕಾ, ಪಾಯ, ದಮ್ ಬಿರಿಯಾನಿಯವರು. ಇದೇ ಮೊಹಲ್ಲಾದ ಅಕ್ಬರ್ ರಸ್ತೆಯಲ್ಲಿ 1930ರಿಂದ ಮಟನ್ ಪಲಾವಿಗೆ ಹೆಸರಾದ ಹೋಟೆಲ್ ಹನುಮಂತು ಇದೆ. ಮುಸ್ಲಿಮರ ಮೊಹಲ್ಲಾದ ನಡುವೆ ಹನುಮಂತನ ಹೆಸರಿನ ಮಾಂಸದ ಹೋಟೆಲ್, ಅದಕ್ಕೆ ಎಲ್ಲ ಕಡೆಯ ಗಿರಾಕಿಗಳು. ಮೈಸೂರು ಅಂದರೆ ಅದೂ ಹೌದು.

ನಾವು ಆ ದಿನ ಎರಡು ಸಣ್ಣ ಹೋಟೆಲುಗಳಿಗೆ ಹೋದೆವು. ಎರಡರಲ್ಲೂ ಕೇಳುವ ಕೆಲಸ ಮಗಳದ್ದೇ, ನಾವು ಹಿಂದೆ ನಿಲ್ಲುವುದೆಂದು ಮಾತಾಗಿತ್ತು. ಮೊದಲನೆಯದು ಮೊಹಲ್ಲಾದ ಅಂಚಿನಲ್ಲಿ. ಗಲ್ಲೆಯಲ್ಲಿ ಕೂತವರ ಎದುರು ನಿಂತು ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಸರ್, ಇಲ್ಲಿ ಚಿಕನ್ ಹಲಾಲಾ?" ಆ ಮನುಷ್ಯ ತಲೆಯೆತ್ತಿ ನೋಡಿ ಹೇಳಿದ್ದು ಹೀಗೆ: "ಇಲ್ಲಮ್ಮ, ನಮ್ದು ಹಲಾಲ್ ಅಲ್ಲ. ಸುಳ್ಳು ಯಾಕ್ ಹೇಳ್ಲಿ? ಮೊಟ್ಟೆ ದೋಸೆ ಬೇಕಾದ್ರೆ ಮಾಡ್ಕೊಡ್ತೀನಿ. ಬಿರಿಯಾನಿನೇ ಬೇಕು ಅಂದ್ರೆ ಹಿಂದಿನ ಬೀದಿಗೆ ಹೋಗಿ, ಅಲ್ಲಿ ಚೆನ್ನಾಗಿರುತ್ತೆ." ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಮೇಜಿನವರು ಮುದ್ದೆ ಮುರಿಯುವುದರಲ್ಲಿದ್ದರು.

ಅವರು ತೋರಿಸಿದ ಹೋಟೆಲಿಗೇ ಹೋದೆವು. ಅಲ್ಲಿ ಮಗಳ ದನಿ ಸ್ವಲ್ಪ ಏರಿತ್ತು. ಮಾಂಸ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಕೇಳಿದಳು. ಮಾಲಕರು ಅಂಗಡಿಯ ಹೆಸರು ಹೇಳಿದರು, ಬೆಳಿಗ್ಗೆ ಆರಕ್ಕೆ ಬರುತ್ತದೆ, ಮೂರು ಗಂಟೆಗೆ ಹಂಡೆ ಖಾಲಿ ಅಂದರು. ಒಳಗೆ ಗಂಡಸರೇ ತುಂಬಿದ್ದನ್ನು ಕಂಡು ಅವಳು ಹಿಂಜರಿದಾಗ ಅವರೇ ಮಹಡಿ ತೋರಿಸಿದರು. ಮೇಲೆ ಫ್ಯಾಮಿಲಿಗೆಂದೇ ನಾಲ್ಕು ಮೇಜು. ಎಂಟು ತಿಂಗಳು ಅದೇ ಬೀದಿಯಲ್ಲಿ ಓಡಾಡಿದರೂ ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ? ಒಳಗೆ ಹೋಗಿ ಕೇಳಿದರೆ ತಾನೇ!

ಆ ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಭಟ್ಟಿ ಬದಲಾದರೆ ಆರು ತಿಂಗಳಲ್ಲಿ ರುಚಿ ಬದಲಾಗುತ್ತದೆ. ಹೆಸರಿಗಿಂತ ಹುಡುಕುವ ಕ್ರಮ ಗೊತ್ತಿದ್ದರೆ ಯಾವ ಊರಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಕುಚ್ಚಲಕ್ಕಿಯ ಅಂಗಡಿ

ಎರಡನೇ ದಿನದ ಕೆಲಸ ಕರಾವಳಿಯ ಸಾಮಾನು ಸಿಗುವ ಅಂಗಡಿ ಹುಡುಕುವುದು. ಮೈಸೂರಿನ ಬಿಳಿ ಅನ್ನ ನಮ್ಮವರಿಗೆ ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದಿಲ್ಲ. ಜ್ವರ ಬಂದಾಗಲಂತೂ ಕುಚ್ಚಲಕ್ಕಿ ಗಂಜಿಯೇ ಆಗಬೇಕು. ಇದನ್ನು ಯಾರಲ್ಲಿ ಕೇಳುವುದು? ಜುಮಾ ನಮಾಝ್ ಮುಗಿಸಿ ಹೊರಬಂದವರಲ್ಲಿ ವಿಚಾರಿಸಿದಾಗ ಒಬ್ಬರು ಸುಳ್ಯದ ಕಡೆಯವರು ಸಿಕ್ಕಿದರು. ಬ್ಯಾರಿ ಮಾತು ಕೇಳಿದ್ದೇ ಕೈ ಹಿಡಿದುಕೊಂಡರು. ಅವರು ಹೇಳಿದ ಅಂಗಡಿಯಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಕೋರಿರೊಟ್ಟಿ ಕಟ್ಟು, ಒಣಮೀನು ಎಲ್ಲ ಇತ್ತು. ಮಗಳ ಪೀಜಿಯಲ್ಲಿ ಸಣ್ಣ ಕುಕ್ಕರ್ ಇಡಲು ಅನುಮತಿ ಇದೆ. ಎರಡು ಕಿಲೋ ಅಕ್ಕಿ, ಒಂದು ಬಾಟ್ಲಿ ಉಪ್ಪಿನಕಾಯಿ ಕೊಂಡೆವು.

ಹಸಿ ಮೀನಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಮೈಸೂರಿಗೆ ಸಮುದ್ರವಿಲ್ಲ. ಬಂಗುಡೆ, ಬೂತಾಯಿ ಐಸಿನಲ್ಲಿ ದೂರ ಪ್ರಯಾಣ ಮಾಡಿ ಬರಬೇಕು. ಕಿವಿರು ಎತ್ತಿ ನೋಡಿ, ಕೆಂಪಿದ್ದರೆ ಕೊಳ್ಳಿ. ಕಣ್ಣು ಒಳಗೆ ಹೋಗಿದ್ದರೆ ಬಿಟ್ಟುಬಿಡಿ. ಇದನ್ನು ಬ್ಯಾರಿಗಳಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಹಾಸ್ಟೆಲಿನಲ್ಲಿ ಬೆಳೆಯುವ ಮಕ್ಕಳಿಗೆ ಹೇಳಿಕೊಡಬೇಕು.

ಹೊರಡುವ ಮೊದಲು ಬರೆದುಕೊಟ್ಟದ್ದು

ಮೈಸೂರು ಆಹಾರ ವಿಜ್ಞಾನದ ಊರೂ ಹೌದು. 1950ರಿಂದ ಸಿಎಫ್‌ಟಿಆರ್‌ಐ ಇಲ್ಲಿದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಈ ನಗರ ದೇಶಕ್ಕೇ ಮೊದಲ ಸ್ಥಾನ ಪಡೆದಿತ್ತು. ಆದರೆ ರಸ್ತೆ ಶುಚಿಯಾದ ಮಾತ್ರಕ್ಕೆ ಪ್ರತಿಯೊಂದು ಅಡಿಗೆಮನೆಯೂ ಶುಚಿಯೆಂದು ಅರ್ಥವಲ್ಲ. ವ್ಯಾಪಾರ ಮಾಡಿ ಬದುಕಿದ ಸಮುದಾಯ ನಮ್ಮದು, ಊರೂರಲ್ಲಿ ಹೋಟೆಲ್ ನಡೆಸಿದವರು ನಮ್ಮ ಪ್ರತಿ ಕುಟುಂಬದಲ್ಲೂ ಸಿಗುತ್ತಾರೆ. ಗಲ್ಲೆಯ ಆ ಕಡೆ ಕೂತವರಿಗೆ ಗೊತ್ತಿರುವುದನ್ನು ಈ ಕಡೆ ನಿಲ್ಲುವ ಮಕ್ಕಳಿಗೂ ಹೇಳಬೇಕೆಂದು, ಮಗಳಿಗೆ ಒಂದು ಚೀಟಿ ಬರೆದುಕೊಟ್ಟೆವು.

ಮಧ್ಯಾಹ್ನ ಒಂದರ ಹೊತ್ತಿಗೆ ಹೋಗು, ಆಗ ಬಿಸಿ ಇರುತ್ತದೆ. ಮೊದಲು ಕೈ ತೊಳೆಯುವ ಜಾಗ ನೋಡು, ಅದು ಗಲೀಜಿದ್ದರೆ ಅಡಿಗೆಮನೆಯೂ ಹಾಗೆಯೇ. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಹದಿನಾಲ್ಕು ಅಂಕಿಯ ನಂಬರ್ ಗೋಡೆಯಲ್ಲೂ ಬಿಲ್ಲಿನಲ್ಲೂ ಇದೆಯಾ ನೋಡು. ಆಸುಪಾಸಿನ ಅಂಗಡಿಯವರು, ಆಟೋದವರು ಅಲ್ಲಿ ಊಟ ಮಾಡುತ್ತಾರಾ ಗಮನಿಸು, ದಿನಾ ತಿನ್ನುವವರಿಗೆ ಮೋಸ ಮಾಡಿ ಯಾವ ಹೋಟೆಲೂ ಉಳಿಯುವುದಿಲ್ಲ. ಹಲಾಲಾ ಎಂದು ಕೇಳು, ಇಂದಿನದ್ದಾ ಎಂದೂ ಕೇಳು. ಸಿಟ್ಟಾಗುವವನ ಹೋಟೆಲಿನಿಂದ ಎದ್ದು ಬಾ. ನೀರು ಮಾತ್ರ ಬಾಟ್ಲಿಯಲ್ಲಿ ಒಯ್ಯಿ.

ಮೊನ್ನೆ ರಾತ್ರಿ ಫೋನಿನಲ್ಲಿ ಉಮ್ಮ ಕೇಳಿದ್ದು ಅದೇ ಪ್ರಶ್ನೆ. "ಇವತ್ತು ಎಂತ ತಿಂದದ್ದು?" ರೂಮಿನ ಗೆಳತಿಯರನ್ನು ಕರೆದುಕೊಂಡು ಆ ಮಹಡಿಯ ಮೇಜಿಗೆ ಹೋಗಿದ್ದಳಂತೆ. ಅವರಲ್ಲಿ ಒಬ್ಬಳು ಚಾಮರಾಜನಗರದವಳು, ಮಾಂಸ ತಿನ್ನುವವಳಲ್ಲ. "ಅವಳಿಗೆ ಎಂತ ಮಾಡಿದೆ?" ಎಂದು ಕೇಳಿದೆವು. "ಸಸ್ಯಾಹಾರಿಗೆ ಬೇರೆ ಪಾತ್ರೆ ಉಂಟಾ ಅಂತ ನಾನೇ ಕೇಳಿದೆ ಉಪ್ಪ. ಇಲ್ಲ ಅಂದ್ರು. ಮತ್ತೆ ಎಲ್ಲರೂ ಎದ್ದು ದೋಸೆಗೆ ಹೋದೆವು."